ನಿಂತ ನೀರಿನಲ್ಲಿ ಭತ್ತದ ಬೇರಿಗೆ ಗಾಳಿ ಎಲ್ಲಿಂದ ಬರುತ್ತದೆ?

ಪ್ರಶ್ನೆ
ದಾವಣಗೆರೆ ಸೀಮೆಯ ನಮ್ಮ ಹೊಲದ ತಗ್ಗಿನಲ್ಲಿ ಮಳೆನೀರು ಕೆಲವು ದಿನ ನಿಂತರೆ ಸಾಕು, ಮೆಕ್ಕೆಜೋಳ ಹಳದಿಗೆ ತಿರುಗಿ ಸೊರಗುತ್ತದೆ; ಬದುವಿನ ಆಚೆಯ ಗದ್ದೆಯಲ್ಲಿ ಭತ್ತವು ವಾರಗಟ್ಟಲೆ ನೀರಿನಲ್ಲೇ ಹಸಿರಾಗಿ ನಿಂತಿರುತ್ತದೆ. ಭತ್ತದ ಬೇರಿನಲ್ಲಿ ಗಾಳಿ ತುಂಬಿದ ಅಂಗಾಂಶವಿದೆ ಎಂದು ಓದಿದ್ದೇನೆ. ಅದು ಹೇಗೆ ಉಂಟಾಗುತ್ತದೆ, ಮೆಕ್ಕೆಜೋಳದಲ್ಲಿ ಅದು ಇಲ್ಲವೇ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1
ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಮಣ್ಣಿನಲ್ಲಿ ಉಳಿದಿದ್ದ ಅಲ್ಪಸ್ವಲ್ಪವನ್ನೂ ಬೇರುಗಳು ಮತ್ತು ಸೂಕ್ಷ್ಮಜೀವಿಗಳು ಬೇಗನೆ ಬಳಸಿಬಿಡುವುದರಿಂದ, ಬೇರಿಗೆ ಗಾಳಿಯು ಎಲೆ ಮತ್ತು ಕಾಂಡದ ಒಳಗಿನಿಂದಲೇ ಇಳಿಯಬೇಕಾಗುತ್ತದೆ. ಆ ದಾರಿಯೇ ಏರೆಂಕೈಮ, ಅಂದರೆ ನೀವು ಓದಿದ ಗಾಳಿ ತುಂಬಿದ ಅಂಗಾಂಶ. ಭತ್ತದಲ್ಲಿ ಬೇರು ಬಲಿಯುತ್ತಿದ್ದಂತೆ ಅದರ ಕಾರ್ಟೆಕ್ಸ್ ಪದರದ (ಹೊರಸಿಪ್ಪೆಗೂ ನಡುವಿನ ತಿರುಳಿಗೂ ಮಧ್ಯದ ಭಾಗದ) ಕೆಲವು ಜೀವಕೋಶಗಳು ತಾವಾಗಿಯೇ ಸತ್ತು ಕರಗಿ, ಉದ್ದಕ್ಕೂ ಟೊಳ್ಳು ನಾಳಗಳನ್ನು ಬಿಟ್ಟುಹೋಗುತ್ತವೆ. ಇದಕ್ಕೆ ನೀರು ನಿಲ್ಲುವವರೆಗೆ ಕಾಯಬೇಕಿಲ್ಲ. ಮೆಕ್ಕೆಜೋಳಕ್ಕೂ ಈ ಸಾಮರ್ಥ್ಯವಿದೆ, ಆದರೆ ತಡವಾಗಿ. ಬೇರಿನಲ್ಲಿ ಹುಟ್ಟುವ ಎಥಿಲೀನ್ ಅನಿಲವು ಸುತ್ತಲಿನ ನೀರಿನಿಂದಾಗಿ ಹೊರಹೋಗಲಾರದೆ ಒಳಗೇ ಶೇಖರವಾದಾಗ ಮಾತ್ರ ಆ ಜೀವಕೋಶಗಳು ಸಾಯಲಾರಂಭಿಸುತ್ತವೆ, ಅಷ್ಟರಲ್ಲಿ ಹಳೆಯ ಬೇರುಗಳಿಗೆ ಪೆಟ್ಟು ಬಿದ್ದಿರುತ್ತದೆ.

ಉತ್ತರ 2
ನಾಳವಿದ್ದರಷ್ಟೇ ಸಾಲದು ಎಂಬುದನ್ನೂ ಸೇರಿಸಬೇಕು. ಇಳಿದ ಆಮ್ಲಜನಕವು ದಾರಿಯಲ್ಲೇ ಮಣ್ಣಿಗೆ ಸೋರಿಹೋದರೆ ಬೇರಿನ ತುದಿಗೆ ಏನೂ ಉಳಿಯುವುದಿಲ್ಲ. ಕೆಸರಿನಲ್ಲಿ ಬೆಳೆಯುವ ಭತ್ತದ ಬೇರು ತನ್ನ ಹೊರಪದರಗಳಲ್ಲಿ ಸುಬೆರಿನ್ ಎಂಬ ಮೇಣದಂತಹ ವಸ್ತುವನ್ನು ತುಂಬಿಕೊಂಡು ಈ ಸೋರಿಕೆಯನ್ನು ಬಹುಮಟ್ಟಿಗೆ ತಡೆಯುತ್ತದೆ. ಮೆಕ್ಕೆಜೋಳದಲ್ಲಿ ಸಾಮಾನ್ಯವಾಗಿ ಇಂತಹ ತಡೆ ಬೆಳೆಯುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ನೀವು ಕಂಡ ವ್ಯತ್ಯಾಸಕ್ಕೆ ಇದೂ ಅಷ್ಟೇ ದೊಡ್ಡ ಕಾರಣ. ಗದ್ದೆಯಿಂದ ಒಂದು ಬುಡವನ್ನು ಕಿತ್ತು ತೊಳೆದು ನೋಡಿ: ಬೇರುಗಳ ಮೇಲೆ ತುಕ್ಕಿನ ಬಣ್ಣದ ಲೇಪವಿದ್ದರೆ, ಅದು ಹೊರಬಂದ ಆಮ್ಲಜನಕವು ಮಣ್ಣಿನ ಕಬ್ಬಿಣದೊಡನೆ ಕೂಡಿದ್ದರ ಗುರುತು.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ತಾವರೆಯ ದಂಟನ್ನು ಕತ್ತರಿಸಿದಾಗ ಕಾಣುವ ತೂತುಗಳೂ ಇದೇ ಅಂಗಾಂಶವೇ?

ಉತ್ತರ 1
ಹೌದು, ಆದರೆ ಅಲ್ಲಿ ಜೀವಕೋಶಗಳು ಸಾಯದೆ, ಒಂದರಿಂದೊಂದು ದೂರ ಸರಿದು ಜಾಗ ಬಿಡುತ್ತವೆ. ಅಲ್ಲದೆ ತಾವರೆಯಲ್ಲಿ ಬಿಸಿಲಿಗೆ ಕಾದ ಎಲೆಯೊಳಗೆ ಒತ್ತಡವೇರಿ, ಗಾಳಿಯು ದಂಟಿನ ಮೂಲಕ ಕೆಸರಿನಲ್ಲಿರುವ ಗೆಡ್ಡೆಯವರೆಗೂ ತಳ್ಳಲ್ಪಡುತ್ತದೆ.

ಉತ್ತರ 3
ಈ ನಾಳಗಳಲ್ಲಿ ಸಂಚಾರ ಎರಡೂ ಕಡೆಗಿದೆ. ನೀರು ನಿಂತ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಉತ್ಪಾದಿಸುವ ಮೀಥೇನ್ ವಾತಾವರಣ ಸೇರುವಾಗ ಅದರ ಬಹುಪಾಲು ಭತ್ತದ ಗಿಡದೊಳಗಿನಿಂದಲೇ ಹೊರಬರುತ್ತದೆ. ಗದ್ದೆಯನ್ನು ನಡುನಡುವೆ ಆರಿಸಿ ಮತ್ತೆ ನೀರು ಹಾಯಿಸುವ ಪದ್ಧತಿಯು ಈ ಅನಿಲದ ಉತ್ಪತ್ತಿಯನ್ನೇ ತಗ್ಗಿಸುತ್ತದೆ.