ಲಾಂಛನವಿಲ್ಲದ ಫೈಬರ್ ಬಾಡಿಯ ಪುಟ್ಟ ಕಾರು: ಯಾವುದೆಂದು ಗುರುತಿಸಲು ಸಹಾಯ ಬೇಕು

ಕೊಪ್ಪದಿಂದ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನವರ ತೋಟದ ಶೆಡ್ಡಿನಲ್ಲಿ, ಕಾಫಿ ಮೂಟೆಗಳ ಹಿಂದೆ ಹದಿನೆಂಟು ವರ್ಷಗಳಿಂದ ನಿಂತಿದ್ದ ಕಾರೊಂದನ್ನು ಹೋದ ತಿಂಗಳು ಹೊರಗೆ ತೆಗೆಸಿದೆ. ದೊಡ್ಡಪ್ಪ ಈಗಿಲ್ಲ. ಆರ್‌ಸಿ ಪುಸ್ತಕ ಸಿಕ್ಕಿಲ್ಲ. ಮುಂದೆ, ಹಿಂದೆ ಎಲ್ಲಿಯೂ ಕಂಪನಿಯ ಹೆಸರಿಲ್ಲ. ಬಾನೆಟ್ ಒಳಗೆ ತಟ್ಟೆ ಇದ್ದ ಜಾಗದಲ್ಲಿ ಎರಡು ರಿವೆಟ್ ತೂತುಗಳು ಮಾತ್ರ ಉಳಿದಿವೆ. ನಂಬರ್ ಪ್ಲೇಟು ಹಳೆಯ ಕಾಲದ್ದು, ಸಿಎ ಎಂದು ಶುರುವಾಗುವ ಮೂರಕ್ಷರದ್ದು.

ಪಕ್ಕದೂರಿನ ಗ್ಯಾರೇಜಿನವರು ಮುಂದಿನ ಮಡ್‌ಗಾರ್ಡಿನ ಬಿರುಕಿಗೆ ವೆಲ್ಡಿಂಗ್ ಮಾಡಲು ಹೋದರು. ಬೆಂಕಿ ಸೋಕಿದ ಕೂಡಲೇ ಬಣ್ಣ ಗುಳ್ಳೆಯೆದ್ದು, ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದಿತು. ಆಗಲೇ ನಮಗೆ ಇದು ತಗಡಲ್ಲ ಎಂದು ಗೊತ್ತಾದದ್ದು.

ಹೊಸ ಬ್ಯಾಟರಿ ಹಾಕಿದ್ದೇವೆ. ಬ್ರೇಕ್ ಒತ್ತಿದರೆ ಎಡಗಡೆಯ ಇಂಡಿಕೇಟರ್ ಮಂಕಾಗಿ ಮಿನುಗುತ್ತದೆ. ಎಂಜಿನ್ ತಿರುಗುತ್ತಿಲ್ಲ, ಹೆಡ್ (ಎಂಜಿನ್ನಿನ ಮೇಲಿನ ಮುಚ್ಚಳ) ಬಿಚ್ಚಿಬಿಡೋಣ ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಇದು ಯಾವ ಕಾರು? ಬಿಚ್ಚಿಸಬಹುದೇ?

ಹಾಸನದಿಂದ

ಆಕಾರ ನೋಡಿದರೆ ಹಳೆಯ ಮಾರುತಿ 800ಕ್ಕೆ ಯಾರೋ ಫೈಬರ್ ಬಾಡಿ ಕೂರಿಸಿದ ಹಾಗಿದೆ. ಎಂಬತ್ತರ ದಶಕದಲ್ಲಿ ಅಂಥ ಪ್ರಯೋಗಗಳನ್ನು ಕಂಡಿದ್ದೇನೆ.

ಮಂಗಳೂರಿನಿಂದ

ನನ್ನ ಪ್ರಕಾರ ಇದು ಇಂಗ್ಲೆಂಡಿನ ರಿಲಯಂಟ್ ಕಿಟನ್. ಹೊರದೇಶದಲ್ಲಿದ್ದವರು ಯಾರೋ ತಂದಿರಬೇಕು. ನೆಂಟರ ಮನೆಯ ಆಲ್ಬಮ್ಮಿನಲ್ಲಿ ಇದೇ ಮುಖದ ಕಾರಿದೆ.

ಬೆಂಗಳೂರಿನಿಂದ

ಮೇಡಂ, ದಯವಿಟ್ಟು ಎರಡು ದಿನ ಯಾರಿಗೂ ಸ್ಪ್ಯಾನರ್ ಮುಟ್ಟಲು ಬಿಡಬೇಡಿ, ಹೆಡ್ಡಂತೂ ಬೇಡವೇ ಬೇಡ. ಕಾರಣ ಆಮೇಲೆ ಹೇಳುತ್ತೇನೆ.

ದೀಪ, ಹಿಡಿಕೆ, ಚಕ್ರ ನೋಡಿ ಊಹಿಸುವುದು ಸರಿಯಾದ ದಾರಿಯಲ್ಲ. ನಾಲ್ವತ್ತು ವರ್ಷಗಳಲ್ಲಿ ಅವೆಲ್ಲ ಎಷ್ಟು ಸಲ ಬದಲಾಗಿವೆಯೋ ಯಾರು ಬಲ್ಲರು. ಸುಲಭಕ್ಕೆ ಬದಲಾಯಿಸಲಾಗದ ಭಾಗಗಳನ್ನು ನೋಡಬೇಕು. ಫ್ರಿಜ್ ಬಾಗಿಲಿಗೆ ಅಂಟಿಸುವ ಅಯಸ್ಕಾಂತ ಒಂದನ್ನು ತೆಗೆದುಕೊಂಡು ಎಂಜಿನ್ನಿನ ಬ್ಲಾಕ್‌ಗೆ ಹಿಡಿಯಿರಿ, ಅಂಟುತ್ತದೆಯೇ ನೋಡಿ. ಸ್ಪಾರ್ಕ್ ಪ್ಲಗ್ ಎಷ್ಟಿವೆ ಎಣಿಸಿ. ಕಾರಿನ ಕೆಳಗೆ ಚಾಪೆ ಹಾಸಿ ಮಲಗಿ, ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಉದ್ದನೆಯ ಶಾಫ್ಟ್ ಹೋಗಿದೆಯೇ, ಹಿಂದೆ ಪಟ್ಟಿ ಸ್ಪ್ರಿಂಗ್ ಇದೆಯೇ ನೋಡಿ. ಬಾಗಿಲು ಎಷ್ಟು ಎಂಬುದನ್ನೂ ತಿಳಿಸಿ. ಕೊನೆಯದಾಗಿ, ಹಿಂದಿನ ದೀಪದ ಗಾಜು ಬಿಚ್ಚಿ ಒಳಗಿನ ವೈರುಗಳ ಫೋಟೋ ಹಾಕಿ.

ಕೊಪ್ಪದಿಂದ

ನೋಡಿದೆ. ಬ್ಲಾಕ್‌ಗೆ ಅಯಸ್ಕಾಂತ ಅಂಟಲಿಲ್ಲ, ಜಾರಿ ಕೆಳಗೆ ಬಿತ್ತು. ಪ್ಲಗ್ ನಾಲ್ಕು. ಉದ್ದನೆಯ ಶಾಫ್ಟ್ ಇದೆ, ಹಿಂದೆ ಪಟ್ಟಿ ಸ್ಪ್ರಿಂಗ್ ಇದೆ. ಬಾಗಿಲು ಎರಡು, ಅದಲ್ಲದೆ ಹಿಂದೆ ಮೇಲಕ್ಕೆ ತೆರೆಯುವ ದೊಡ್ಡ ಬಾಗಿಲು. ದೀಪದೊಳಗೆ ಬಲ್ಬಿಗೆ ಬರುವ ವೈರುಗಳ ಜೊತೆಗೆ ಕಪ್ಪು ವೈರೊಂದು ಬೇರೆಯಾಗಿ ಬಂದು ಸ್ಕ್ರೂಗೆ ಸೇರಿದೆ. ಅದರ ತುದಿ ಹಸಿರುಗಟ್ಟಿ ಪುಡಿಪುಡಿಯಾಗಿದೆ.

ಬೆಂಗಳೂರಿನಿಂದ

ಮೇಡಂ, ಇದು ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಕಾರು. ಸಿಪಾನಿ ಡಾಲ್ಫಿನ್. ನಿಮ್ಮ ಉತ್ತರ ಓದಿ ನನಗಾದ ಸಂತೋಷ ಹೇಳತೀರದು. ಇಂಥವು ಈಗ ಕಣ್ಣಿಗೆ ಬೀಳುವುದೇ ಅಪರೂಪ.

ಇದು ಮಾರುತಿ ಏಕಲ್ಲ ಎಂದರೆ, ಮಾರುತಿ 800ರದ್ದು ಮೂರು ಸಿಲಿಂಡರಿನ ಎಂಜಿನ್, ಶಕ್ತಿ ಹೋಗುವುದು ಮುಂದಿನ ಚಕ್ರಗಳಿಗೆ. ಹಿಂದಕ್ಕೆ ಶಾಫ್ಟ್ ಇರುವ ಪ್ರಶ್ನೆಯೇ ಇಲ್ಲ. ನಿಮ್ಮದರಲ್ಲಿರುವುದು ರಿಲಯಂಟ್ ಕಂಪನಿ ರೂಪಿಸಿದ 848 ಸಿಸಿಯ, ಪೂರ್ತಿ ಅಲ್ಯೂಮಿನಿಯಂನ, ನಾಲ್ಕು ಸಿಲಿಂಡರಿನ ಎಂಜಿನ್. ಮಂಗಳೂರಿನ ಸ್ನೇಹಿತರು ಮುಖ ಗುರುತಿಸಿದ್ದು ತಪ್ಪಲ್ಲ, ಏಕೆಂದರೆ ಡಾಲ್ಫಿನ್ನಿನ ಮೂಲ ಕಿಟನ್ ಕಾರೇ. ಇಂಗ್ಲೆಂಡಿನ ಟ್ಯಾಮ್‌ವರ್ತ್‌ನ ರಿಲಯಂಟ್ ಕಂಪನಿ 1975ರಲ್ಲಿ ಕಿಟನ್ ತಂದಿತು. ಅದರ ಪರವಾನಗಿ ಪಡೆದು ಸಿಪಾನಿಯವರು 1982ರಲ್ಲಿ ಡಾಲ್ಫಿನ್ ಬಿಟ್ಟರು. ಅದಕ್ಕೂ ಮೊದಲು ಅವರು ಬಾದಲ್ ಎಂಬ ಮೂರು ಚಕ್ರದ ಫೈಬರ್ ಕಾರು ಮಾಡಿದ್ದರು. ಆ ಕಾಲದಲ್ಲಿ ವಿದೇಶಿ ಕಾರು ತರಿಸುವುದು ಎಷ್ಟು ಕಷ್ಟವಿತ್ತೆಂದು ಹಿರಿಯರಿಗೆ ಗೊತ್ತು. ಕರ್ನಾಟಕದ ಹಳೆಯ ನಂಬರ್ ಇರುವ, ಎಸ್ಟೇಟ್ ಮಾದರಿಯ ಹಿಂಬಾಗಿಲಿನ ಈ ಗಾಡಿಯನ್ನು ನಾನು ಆಮದು ಮಾಡಿದ್ದೆಂದು ಒಪ್ಪಲಾರೆ. ಬಾಗಿಲು ನಾಲ್ಕಿದ್ದಿದ್ದರೆ ಮೊಂಟಾನಾ ಎನ್ನುತ್ತಿದ್ದೆ, ಅದು ಆಮೇಲೆ ಬಂದ ಮಾದರಿ.

ಹಗುರವಾದ್ದರಿಂದ ಡಾಲ್ಫಿನ್ ರೇಸು, ರ‍್ಯಾಲಿಗಳಲ್ಲಿ ಹೆಸರು ಮಾಡಿತ್ತು. ಆದರೆ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ, ಎರಡೇ ಬಾಗಿಲಿನ ಫೈಬರ್ ಕಾರನ್ನು ಕೇಳುವವರು ಕಡಿಮೆಯಾದರು. ಮನೆಯ ಹಿರಿಯರನ್ನು ಮುಂದಿನ ಸೀಟು ಮಡಚಿ ಹಿಂದಕ್ಕೆ ಹತ್ತಿಸುವುದು ಸುಲಭವಲ್ಲ ನೋಡಿ.

ಇನ್ನು ದೀಪದ ವಿಷಯ. ತಗಡಿನ ಕಾರಿನಲ್ಲಿ ದೀಪಗಳ ಅರ್ಥಿಂಗ್ ಬಾಡಿಯ ಮೂಲಕವೇ ಆಗುತ್ತದೆ. ಫೈಬರಿನಲ್ಲಿ ವಿದ್ಯುತ್ ಹರಿಯುವುದಿಲ್ಲ, ಆದ್ದರಿಂದ ಪ್ರತಿ ದೀಪಕ್ಕೂ ಪ್ರತ್ಯೇಕ ಅರ್ಥಿಂಗ್ ವೈರ್ ಬೇಕು. ನೀವು ಕಂಡ ಕಪ್ಪು ವೈರು ಅದೇ. ತುದಿ ಹಾಳಾದಾಗ ಬ್ರೇಕ್ ದೀಪದ ವಿದ್ಯುತ್ ಬೇರೆ ದಾರಿ ಹುಡುಕಿಕೊಂಡು ಇಂಡಿಕೇಟರ್ ಬಲ್ಬಿನ ಮೂಲಕ ಹೋಗುತ್ತದೆ. ಮಂಕು ಮಿನುಗು ಅಲ್ಲಿಂದ ಬಂದದ್ದು. ತುದಿ ಕತ್ತರಿಸಿ, ಹೊಸ ಟರ್ಮಿನಲ್ ಹಾಕಿ, ಇನ್ನೊಂದು ತುದಿ ಚಾಸಿಗೆ (ಬಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟಿಗೆ) ಸೇರುವ ಬೋಲ್ಟನ್ನು ಉಪ್ಪುಕಾಗದದಿಂದ ಉಜ್ಜಿ ಬಿಗಿ ಮಾಡಿಸಿ.

ಹೆಡ್ ಬೇಡವೆಂದದ್ದಕ್ಕೆ ಕಾರಣ ಇದು. ಈ ಎಂಜಿನ್ನಿನ ಲೈನರುಗಳು, ಅಂದರೆ ಪಿಸ್ಟನ್ ಓಡಾಡುವ ಕೊಳವೆಗಳು, ಬ್ಲಾಕ್‌ಗೆ ಗಟ್ಟಿಯಾಗಿ ಒತ್ತಿ ಕೂರಿಸಿದವಲ್ಲ. ಸುತ್ತಲೂ ನೀರು ಹರಿಯುತ್ತದೆ, ಮೇಲಿನಿಂದ ಹೆಡ್ ಅವನ್ನು ಅದುಮಿ ಹಿಡಿದಿರುತ್ತದೆ. ಹೆಡ್ ತೆಗೆದು ಕ್ರ್ಯಾಂಕ್ (ಪಿಸ್ಟನ್ನುಗಳು ಸೇರಿರುವ ತಿರುಗುವ ದಂಡ) ತಿರುಗಿಸಿದರೆ, ಅಂಟಿಕೊಂಡ ಪಿಸ್ಟನ್ ಲೈನರನ್ನೂ ಮೇಲಕ್ಕೆ ಎಳೆದುಕೊಂಡು ಬಂದು ತಳದ ಸೀಲ್ ಬಿಟ್ಟುಹೋಗುತ್ತದೆ. ಆಮೇಲೆ ನೀರು ಎಣ್ಣೆಯ ಕೋಣೆಗೆ ಇಳಿಯುತ್ತದೆ. ಈಗ ನಾಲ್ಕೂ ಪ್ಲಗ್ ತೆಗೆದು, ತುಕ್ಕು ಬಿಡಿಸುವ ಎಣ್ಣೆಯನ್ನು ಎರಡೆರಡು ಚಮಚೆಯಷ್ಟು ಬಿಟ್ಟು ಒಂದು ವಾರ ಹಾಗೇ ಇಡಿ. ನಂತರ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದ ಮೆಲ್ಲಗೆ ಆಡಿಸಿ. ಸ್ಟಾರ್ಟರಿನಿಂದ ಎಳೆಯಬೇಡಿ. ಹೆಡ್ ತೆಗೆಯಲೇಬೇಕಾಗಿ ಬಂದರೆ ಮೊದಲು ದಪ್ಪ ವಾಷರ್, ಬೋಲ್ಟುಗಳಿಂದ ಲೈನರುಗಳನ್ನು ಅದುಮಿ ಕಟ್ಟಿಸಿ.

ಮಂಗಳೂರಿನಿಂದ

ಒಪ್ಪಿದೆ ಸರ್. ಕಾಗದಪತ್ರಕ್ಕೆ ಸಂಬಂಧಿಸಿ ಒಂದು ಮಾತು: 2021ರಲ್ಲಿ ಬಂದ ವಿಂಟೇಜ್ ವಾಹನದ ನಿಯಮ, ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ ಗಾಡಿಗಳಿಗೆ ಮಾತ್ರ. ಡಾಲ್ಫಿನ್ನಿಗೆ 2032ರ ತನಕ ಆ ದಾರಿ ಇಲ್ಲ. ಆದ್ದರಿಂದ ಹಳೆಯ ನಂಬರ್ ಹಿಡಿದು ಆರ್‌ಟಿಓ ಕಚೇರಿಯಲ್ಲಿ ದಾಖಲೆ ಹುಡುಕಿಸಿ, ವಾರಸುದಾರರ ಹೆಸರಿಗೆ ಮಾಡಿಸುವುದೇ ಸರಿ. ನಂಬರ್ ಪ್ಲೇಟನ್ನು ಗುಜರಿಗೆ ಹೋಗದಂತೆ ಜೋಪಾನ ಮಾಡಿ.

ಕೊಪ್ಪದಿಂದ

ಒಂಬತ್ತನೆಯ ದಿನ ಕ್ರ್ಯಾಂಕ್ ಕಾಲು ಸುತ್ತು ಅಲುಗಾಡಿತು, ನಿನ್ನೆ ಪೂರ್ತಿ ತಿರುಗಿತು. ಅರ್ಥಿಂಗ್ ಸರಿಮಾಡಿಸಿದ ಮೇಲೆ ಬ್ರೇಕ್ ದೀಪ ಕೆಂಪಗೆ ಉರಿಯುತ್ತಿದೆ, ಇಂಡಿಕೇಟರ್ ಸುಮ್ಮನಿದೆ. ದೊಡ್ಡಮ್ಮನಿಗೆ ಡಾಲ್ಫಿನ್ ಎಂದೊಡನೆ, "ಹೌದು, ಮೀನಿನ ಹೆಸರಿನ ಕಾರು ಅಂತ ನಿಮ್ಮ ದೊಡ್ಡಪ್ಪ ಹೇಳುತ್ತಿದ್ದರು" ಎಂದರು. ನಾನು ಮೊದಲು ಅವರನ್ನೇ ಕೇಳಬೇಕಿತ್ತು.

ಒಂದು ಚಿಂತೆ ಮಾತ್ರ ಉಳಿದಿದೆ. ಬಾಡಿ ಹೊಳೆಯುತ್ತಿದೆ, ಆದರೆ ಹಿಂದಿನ ಸ್ಪ್ರಿಂಗ್ ಸೇರುವಲ್ಲಿ ಚಾಸಿಗೆ ಸ್ಕ್ರೂಡ್ರೈವರ್ ಒತ್ತಿದರೆ ತುಕ್ಕು ಪದರವಾಗಿ ಉದುರಿ ತುದಿ ಒಳಗೆ ಹೋಗುತ್ತದೆ.

ಬೆಂಗಳೂರಿನಿಂದ

ಫೈಬರ್ ಕಾರುಗಳಲ್ಲಿ ಮೋಸ ಹೋಗುವುದೇ ಅಲ್ಲಿ. ಬಾಡಿಗೆ ತುಕ್ಕಿಲ್ಲ, ಕೆಳಗಿನ ಚಾಸಿ ಕಬ್ಬಿಣದ್ದು, ಅದೂ ಮಲೆನಾಡಿನ ಮಳೆ ತಿಂದದ್ದು. ಬಾಡಿ ಇರುವಾಗ ಅಲ್ಲಿ ವೆಲ್ಡಿಂಗ್ ಮಾಡಿಸಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಬಾಡಿಯನ್ನು ಚಾಸಿಗೆ ಬೋಲ್ಟುಗಳಿಂದ ಹಿಡಿಸಿದ್ದಾರೆ. ಪೆಟ್ರೋಲ್ ಟ್ಯಾಂಕ್ ಇಳಿಸಿ, ಬೋಲ್ಟುಗಳಿಗೆ ಈಗಿನಿಂದಲೇ ಎಣ್ಣೆ ಬಿಟ್ಟು, ಮಳೆಗಾಲಕ್ಕೆ ಮುಂಚೆ ಬಾಡಿ ಎತ್ತಿಸಿ. ಎತ್ತಲು ತೋಟದ ಜನ ಎಂಟು ಮಂದಿ ಸಾಕು. ಆ ದಿನ ಯಾವುದೆಂದು ಮುಂಚೆಯೇ ಹೇಳಿದರೆ ನಾನೂ ಬರುತ್ತೇನೆ.