ಪ್ರಜ್ವಲ್, ಆ ಡಬ್ಬಿ ವಾಪಸ್ ಕಳಿಸು

ಪ್ರಜ್ವಲ್, ಈಗಷ್ಟೇ ಕನ್ನಡಕ ಹುಡುಕಿ ನಮ್ಮ ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜ್ ಓದಿದೆ. ಬಿಟ್‌ಕಾಯಿನ್ ಕೀ ಇಡುವ ಪುಟ್ಟ ಯಂತ್ರ, ಅದೇ ಹಾರ್ಡ್‌ವೇರ್ ವಾಲೆಟ್ ಆನ್‌ಲೈನಲ್ಲಿ ಯಾರೋ ಅರ್ಧ ರೇಟಿಗೆ ಕೊಟ್ಟರು, ಡಬ್ಬಿಯೊಳಗಿನ ಕಾರ್ಡಿನಲ್ಲಿ 24 ಇಂಗ್ಲಿಷ್ ಪದ ಮೊದಲೇ ಬರೆದಿದೆ, ಇದು ಸರಿನಾ ಅಂತ ಕೇಳಿದ್ದೀಯ. ಸರಿ ಇಲ್ಲ ಮಗಾ. ಒಂದು ರೂಪಾಯಿನೂ ಅದಕ್ಕೆ ಹಾಕಬೇಡ. ಬೇರೆಯವರು ಮಾಡಿಕೊಟ್ಟ ಕೀ ಇಟ್ಟುಕೊಂಡು ನಿದ್ದೆ ಮಾಡಬೇಡ. ಪೂರ್ತಿ ಕೇಳು, ಅರ್ಧಕ್ಕೆ ನಿಲ್ಲಿಸಿ ಹೆಬ್ಬೆಟ್ಟಿನ ಚಿತ್ರ ಒತ್ತಬೇಡ.

ನಮ್ಮ ತಿಜೋರಿ ಕಥೆ ನಿನಗೆ ಗೊತ್ತೇ ಇದೆ. ದಾವಣಗೆರೆಯ ಕೆ.ಟಿ.ಜೆ. ನಗರದ ಮನೆಯಲ್ಲಿ ಇದ್ದಾಗಿನದು, 1996. ಆ ವರ್ಷ ಮೆಕ್ಕೆಜೋಳ ಚೆನ್ನಾಗಿ ಬಂದಿತ್ತು. ಮನೆಯಲ್ಲಿ ದುಡ್ಡಿಡೋಕೆ ಗಟ್ಟಿ ಜಾಗ ಬೇಕು ಅಂತ ನಿಮ್ಮ ದೊಡ್ಡಪ್ಪ ಮಂಡಿಪೇಟೆಯಲ್ಲಿ ಒಂದು ಹಳೇ ತಿಜೋರಿ ನೋಡಿದರು. ಹೊಸದರ ಅರ್ಧ ರೇಟು. ಮಾರಿದವನು ಎರಡು ಕೀ ಕೈಗೆ ಕೊಟ್ಟು, "ಅಮ್ಮಾ, ಎರಡೇ ಇರೋದು, ಜೋಪಾನ" ಅಂದ. ನಾನು ಕೀಗಳಿಗೆ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟೆ. ಕೈಗಾಡಿಯಲ್ಲಿ ತಂದು ಇಳಿಸಿದ ಹುಡುಗನಿಗೆ ಟೀ ಬೇರೆ ಕೊಟ್ಟೆ.

ದೀಪಾವಳಿ ಆದ ಮೇಲೆ ಒಂದು ದಿನ ತೆಗೆದು ನೋಡಿದರೆ 38 ಸಾವಿರ ಇಲ್ಲ. ಬೀಗ ಒಡೆದಿಲ್ಲ, ಬಾಗಿಲಿಗೆ ಒಂದು ಗೀರೂ ಇಲ್ಲ. ಮೂರನೇ ಕೀ ಇತ್ತು, ಪ್ರಜ್ವಲ್! ಆ ಗಾಡಿ ಹುಡುಗನ ಹತ್ತಿರ. ತಿಜೋರಿ ಯಾವ ಮನೆಯ ಯಾವ ಮೂಲೆಯಲ್ಲಿದೆ ಅಂತ ನಾನೇ ಜಾಗ ತೋರಿಸಿ ಇಳಿಸಿಕೊಂಡಿದ್ದೆ.

ಆ ಕಾರ್ಡಿನ 24 ಪದ ಇದೆಯಲ್ಲ, ಅದೇ ಆ ಮೂರನೇ ಕೀ. ಕಾಯಿನ್ ಆ ಯಂತ್ರದೊಳಗೆ ಇರಲ್ಲ. ಪದ ಯಾರ ಹತ್ತಿರ ಇದೆಯೋ ದುಡ್ಡು ಅವರದು, ಯಂತ್ರ ನಿನ್ನ ಜೇಬಿನಲ್ಲಿದ್ದರೂ ಅಷ್ಟೇ. ನೀನು ದುಡ್ಡು ತುಂಬುವವರೆಗೆ ಆ ಡಬ್ಬಿ ಮಾರಿದವನು ಸುಮ್ನೆ ಕಾಯುತ್ತಾನೆ. ಇನ್ನೊಂದು ಸಲ ಹೇಳುತ್ತೇನೆ, ಬೇರೆಯವರು ಮಾಡಿಕೊಟ್ಟ ಕೀ ಇಟ್ಟುಕೊಂಡು ನಿದ್ದೆ ಮಾಡಬೇಡ. ರೀಸೆಟ್ ಮಾಡಿ ಹೊಸ ಪದ ತಗೊಂಡರೆ ಆಗಲ್ವಾ ಅನ್ನಬೇಡ. ಬೀಗ ಬದಲಾಯಿಸಿದರೂ ಪೆಟ್ಟಿಗೆ ಅವನು ಬಿಚ್ಚಿ ನೋಡಿದ್ದೇ ಅಲ್ವಾ.

ಹೋದ ದುಡ್ಡು ಹೋಯಿತು ಬಿಡು. ಆಮೇಲೆ ಆಗಿದ್ದು ಅದಕ್ಕಿಂತ ಜಾಸ್ತಿ. ನನ್ನ ತಮ್ಮ ಆಗ ನಮ್ಮ ಮನೆಯಲ್ಲೇ ಇದ್ದು ಡಿಪ್ಲೊಮಾ ಓದುತ್ತಿದ್ದ. ಬೀಗ ಒಡೆದಿಲ್ಲ ಅಂದ ತಕ್ಷಣ ಎಲ್ಲರ ಕಣ್ಣೂ ಅವನ ಮೇಲೆ. ನಿಮ್ಮಪ್ಪ ನಡುಮನೆಯಲ್ಲಿ ನಿಂತು, "ಕೀ ಎಲ್ಲಿರುತ್ತೆ ಅಂತ ಹೊರಗಿನವರಿಗೆ ಹೇಗೆ ಗೊತ್ತಾಗುತ್ತೆ ಅತ್ತಿಗೆ" ಅಂದ. ನಿಮ್ಮಜ್ಜಿ ಏನೂ ಅನ್ನಲಿಲ್ಲ. ನಿಮ್ಮ ದೊಡ್ಡಪ್ಪನೂ ಏನೂ ಅನ್ನಲಿಲ್ಲ. ಮಾರನೇ ದಿನ ಬೆಳಗ್ಗೆ ನನ್ನ ತಮ್ಮ ಟ್ರಂಕ್ ಹೊತ್ತುಕೊಂಡು ಹೊಸದುರ್ಗದ ಬಸ್ ಹತ್ತಿದ. ಎರಡು ವರ್ಷ ಆದ ಮೇಲೆ ಹರಿಹರದಲ್ಲಿ ಇನ್ನೊಂದು ಮನೆಯ ಕೇಸಿನಲ್ಲಿ ಆ ಹುಡುಗ ಸಿಕ್ಕಿಬಿದ್ದ, ನಮ್ಮದನ್ನೂ ಒಪ್ಪಿಕೊಂಡ. ಆಗಲಾದರೂ ಈ ಮನೆಯಿಂದ ಯಾರಾದರೂ ಹೊಸದುರ್ಗಕ್ಕೆ ಹೋದರಾ? ಇಲ್ಲಿಂದ ಎಷ್ಟು ದೂರ? ನನ್ನ ಮಗಳ ಮದುವೆಗೆ ಬಂದ ತಮ್ಮ ಅಕ್ಷತೆ ಹಾಕಿ, ಎಲೆಗೆ ಕೂರದೆ ಹೋದ. ಈ ಗ್ರೂಪಿನಲ್ಲಿ ದಿನಾ ಗುಡ್ ಮಾರ್ನಿಂಗ್ ಹೂವು ಕಳಿಸುವವರಿಗೆಲ್ಲ ಇದು ನೆನಪಿರಬೇಕು.

ಅಯ್ಯೋ, ಯಾವುದು ತಗೋಬೇಕು ಅಂತ ನೀನು ಕೇಳಿದ್ದನ್ನೇ ಹೇಳಲಿಲ್ಲ.

2024ರ ಜುಲೈನಲ್ಲಿ ಕಾಯಿನ್ ಕೊಂಡು ಮಾರುವ ನಮ್ಮ ದೇಶದ್ದೇ ಒಂದು ಎಕ್ಸ್‌ಚೇಂಜಿನಿಂದ ಸುಮಾರು 23 ಕೋಟಿ ಡಾಲರ್ ಕಳುವಾಯಿತಲ್ಲ, ಆಗ ಹೆದರಿ ನಮ್ಮ ಕಿರಣನೂ ಇಂಥ ಯಂತ್ರ ಒಂದು ತರಿಸಿದ. ಲೆಡ್ಜರ್ ಕಂಪನಿಯ ನ್ಯಾನೊ ಎಸ್ ಪ್ಲಸ್. ಕಡಿಮೆ ದುಡ್ಡಿನದರಲ್ಲಿ ಅದು, ಇಲ್ಲಾಂದ್ರೆ ಟ್ರೆಜರ್ ಕಂಪನಿಯ ಸೇಫ್ 3, ಎರಡರಲ್ಲಿ ಯಾವುದಾದರೂ ಸಾಕು. ನ್ಯಾನೊ ಎಸ್ ಪ್ಲಸ್ ಐಫೋನಿಗೆ ಕೂಡಲ್ಲ, ನಿನ್ನದು ಆಂಡ್ರಾಯ್ಡ್ ತಾನೇ? 'ಪ್ಲಸ್' ಇಲ್ಲದ ಬರೀ ನ್ಯಾನೊ ಎಸ್ ಅಗ್ಗಕ್ಕೆ ಸಿಕ್ಕಿದರೂ ಬೇಡ, ಅದನ್ನು ಮಾಡೋದು 2022ರಲ್ಲೇ ನಿಲ್ಲಿಸಿದ್ದಾರೆ. ಕಂಪನಿಯ ಸ್ವಂತ ವೆಬ್‌ಸೈಟಿನಿಂದ ತರಿಸು, ಇಲ್ಲವೇ ಆ ವೆಬ್‌ಸೈಟಿನಲ್ಲಿ ಹೆಸರಿರುವ ಮಾರಾಟಗಾರರಿಂದ. ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ.

ಡಬ್ಬಿ ಬಂದಾಗ ಕಾರ್ಡ್ ಖಾಲಿ ಇರಬೇಕು. ಪದಗಳು ಆ ಯಂತ್ರದ ಪುಟ್ಟ ಪರದೆಯ ಮೇಲೆ ನಿನ್ನ ಕಣ್ಣ ಮುಂದೆ ಒಂದೊಂದಾಗಿ ಬರಬೇಕು. ಕಿರಣನದನ್ನು ನಾನೇ ಪಕ್ಕದಲ್ಲಿ ಕೂತು ಬರೆದೆ, ನನ್ನ ಅಕ್ಷರ ದುಂಡಗಿದೆ ಅಂತ. ಎಲ್ಲಿಟ್ಟಿದ್ದೇವೆ ಅಂತ ಇಲ್ಲಿ ಹೇಳಲ್ಲ. ಫೋಟೊ ತೆಗೆಯಬೇಡ, ಮೊಬೈಲಿನಲ್ಲಿ ಟೈಪ್ ಮಾಡಬೇಡ. 2020ರಲ್ಲಿ ಲೆಡ್ಜರ್ ಗಿರಾಕಿಗಳ ವಿಳಾಸ ಸೋರಿಕೆಯಾಗಿ, ಸುಮಾರು 2,72,000 ಜನರ ಮನೆ ಅಡ್ರೆಸ್ ಕಳ್ಳರ ಕೈ ಸೇರಿತು. ಮುಂದಿನ ವರ್ಷ ಕೆಲವರ ಮನೆಗೆ ಪೋಸ್ಟಿನಲ್ಲಿ ನಕಲಿ ಯಂತ್ರವೇ ಬಂತು, ಹೊಸದು ಕಳಿಸಿದ್ದೇವೆ, ನಿಮ್ಮ ಪದ ಇದರಲ್ಲಿ ಹಾಕಿ ಅಂತ. ನಮ್ಮ ಗಾಡಿ ಹುಡುಗನ ಥರವೇ ನೋಡು.

ಮೊದಲು ಐನೂರೋ ಸಾವಿರವೋ ಕಳಿಸಿ ನೋಡು. ಆಮೇಲೆ ಬೇಕಂತಲೇ ಪಿನ್ ಮೂರು ಸಲ ತಪ್ಪು ಒತ್ತು. ಲೆಡ್ಜರ್ ಆದರೆ ಆಗ ಯಂತ್ರದೊಳಗಿನದೆಲ್ಲ ಅಳಿಸಿಹೋಗುತ್ತದೆ. ಬರೆದಿಟ್ಟ ಪದ ಹಾಕಿದಾಗ ದುಡ್ಡು ವಾಪಸ್ ಕಂಡರೆ ಮಾತ್ರ ಉಳಿದಿದ್ದನ್ನು ಕಳಿಸು.

ಈಗ ಬಂದಿರುವ ಡಬ್ಬಿ ಇವತ್ತೇ ವಾಪಸ್ ಹಾಕು. ಹೊಸದು ಬಂದ ಭಾನುವಾರ ಮನೆಗೆ ಬಾ, ಪೆನ್ನು ಪೇಪರ್ ನನ್ನ ಹತ್ತಿರ ಇದೆ. ಬರುವಾಗ ನಿಮ್ಮಪ್ಪನನ್ನೂ ಕರೆದುಕೊಂಡು ಬಾ. ತಮ್ಮನ ಫೋನ್ ನಂಬರ್ ಕೊಡುತ್ತೇನೆ.