ಮಂದ ಎಕ್ಸ್-ಕಿರಣ ಔಟ್‌ಬರ್ಸ್ಟ್‌ಗಳು: ಕಲಬುರಗಿ ಖಗೋಳಾಸಕ್ತರ ಗುಂಪಿನ ಪ್ರಶ್ನೋತ್ತರ

ಸೇಡಂನ ಶಿಕ್ಷಕರು: ಮೇಡಂ, ನಮಸ್ಕಾರ. ಎಕ್ಸ್-ಕಿರಣ ಜೋಡಿ ಎಂದರೇನು? ಅದರ ಔಟ್‌ಬರ್ಸ್ಟ್ ನಮ್ಮ ಶಾಲೆಯ ದೂರದರ್ಶಕದಲ್ಲಿ ಕಂಡೀತೇ?

ಖಗೋಳ ವಿಜ್ಞಾನಿ: ನಮಸ್ಕಾರ ಸರ್. ನ್ಯೂಟ್ರಾನ್ ನಕ್ಷತ್ರವೋ ಕಪ್ಪುಕುಳಿಯೋ ಜೊತೆಗಾರ ನಕ್ಷತ್ರದ ಅನಿಲವನ್ನು ಸೆಳೆದುಕೊಳ್ಳುವ ಜೋಡಿ ಅದು. ಸುತ್ತಲಿನ ತಟ್ಟೆಯಲ್ಲಿ ಶೇಖರವಾದ ಅನಿಲವು ಹೈಡ್ರೋಜನ್ ಅಯಾನೀಕರಣಗೊಳ್ಳುವಷ್ಟು ಕಾದಾಗ ಒಮ್ಮೆಲೇ ಒಳಗೆ ಸುರಿಯುತ್ತದೆ, ಅದೇ ಔಟ್‌ಬರ್ಸ್ಟ್. ವಾಯುಮಂಡಲ ಎಕ್ಸ್-ಕಿರಣಗಳನ್ನು ಹೀರಿಕೊಳ್ಳುವುದರಿಂದ ನೆಲದಿಂದ ಅವು ಕಾಣುವುದಿಲ್ಲ.

ಆಳಂದದ ಎಂ.ಎಸ್ಸಿ. ವಿದ್ಯಾರ್ಥಿನಿ: ಮೇಡಂ, ಅಮೆರಿಕದ ಸ್ವಿಫ್ಟ್ ಬಾಹ್ಯಾಕಾಶ ದೂರದರ್ಶಕವು ತೆಗೆದ ನಮ್ಮ ಗ್ಯಾಲಕ್ಸಿ ಕೇಂದ್ರದ 1,000 ಸೆಕೆಂಡುಗಳ ಚಿತ್ರವೊಂದರಲ್ಲಿ, ಹಿಂದೆ ಖಾಲಿಯಿದ್ದ ಜಾಗದಲ್ಲಿ 12 ಎಕ್ಸ್-ಕಿರಣ ಫೋಟಾನ್‌ಗಳು (ಬೆಳಕಿನ ಕಣಗಳು) ಸಿಕ್ಕಿವೆ. ಅವುಗಳಲ್ಲಿ 10ರ ಶಕ್ತಿ 2 ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗಿಂತ ಹೆಚ್ಚು. ಮಾರ್ಗದರ್ಶಕರು ಬರೀ ಗದ್ದಲ, ಅಂದರೆ ಆಕಸ್ಮಿಕ ಎಣಿಕೆ, ಎಂದು ತಳ್ಳಿಹಾಕಿದರು.

ಖಗೋಳ ವಿಜ್ಞಾನಿ: ಅಷ್ಟು ಬೇಗ ತಳ್ಳಿಹಾಕುವಂಥದ್ದಲ್ಲ ಇದು. ಗ್ಯಾಲಕ್ಸಿಯ ಕೇಂದ್ರ ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿದ್ದು, ನಡುವಿನ ಧೂಳು ಮತ್ತು ಅನಿಲ 2 ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗಿಂತ ಕಡಿಮೆ ಶಕ್ತಿಯ ಕಿರಣಗಳನ್ನು ಬಹುಪಾಲು ನುಂಗಿಬಿಡುತ್ತವೆ. ನಿಮ್ಮ 12 ಫೋಟಾನ್‌ಗಳೂ ಕಡಿಮೆ ಶಕ್ತಿಯವಾಗಿದ್ದರೆ, ಈಚೆಗಿರುವ ಯಾವುದೋ ಸಾಮಾನ್ಯ ನಕ್ಷತ್ರ ಕ್ಷಣಕಾಲ ಭುಗಿಲೆದ್ದಿದೆ ಎನ್ನುತ್ತಿದ್ದೆ. 10 ಫೋಟಾನ್‌ಗಳು ಹೆಚ್ಚು ಶಕ್ತಿಯವಾಗಿರುವುದರಿಂದ ಮೂಲವು ಆ ಧೂಳಿನ ಆಚೆಗಿರುವ ಸಾಧ್ಯತೆಯೇ ಹೆಚ್ಚು. ಅದು ನಿಜವಾಗಿಯೂ ಅಲ್ಲಿದ್ದರೆ ಹೊಳಪು ಸೆಕೆಂಡಿಗೆ 10ರ 34ನೇ ಘಾತದಷ್ಟು ಎರ್ಗ್‌ನ ಆಸುಪಾಸಿಗೆ, ಅಂದರೆ ಸೂರ್ಯನ ಒಟ್ಟು ಹೊಳಪಿನ ಕೆಲವು ಪಟ್ಟಿಗೆ ಬರುತ್ತದೆ. ಮಾಮೂಲಿ ಔಟ್‌ಬರ್ಸ್ಟ್‌ಗಳು ಇದರ ಸಾವಿರ ಪಟ್ಟು ಮೀರುತ್ತವೆ. ಇಷ್ಟು ಮಂದವಾದವು ಏಕೆ ಮಂದ ಎಂಬುದೇ ನಮಗಿನ್ನೂ ಬಗೆಹರಿಯದ ಪ್ರಶ್ನೆ. ತಟ್ಟೆಯೇ ಚಿಕ್ಕದೋ, ಕಾಂತಕ್ಷೇತ್ರ ಅನಿಲವನ್ನು ತಡೆಯುತ್ತದೆಯೋ? ಆದರೆ 12 ಎಣಿಕೆಯಲ್ಲಿ ಮೂರೂವರೆಯಷ್ಟು ಏರುಪೇರು ಸಹಜ. ಸ್ವಿಫ್ಟ್ 2006ರಿಂದ ಈ ಭಾಗವನ್ನು ಹೆಚ್ಚುಕಡಿಮೆ ದಿನಾಲೂ ನೋಡುತ್ತ ಬಂದಿದೆ. ಹಿಂದುಮುಂದಿನ ದಿನಗಳ ಚಿತ್ರಗಳನ್ನು ಕೂಡಿಸಿ, ಹಿನ್ನೆಲೆಯನ್ನು ಕಳೆದು ನೋಡಿ. ಅಕ್ಕಪಕ್ಕದಲ್ಲಿ ಪ್ರಖರ ಮೂಲವೇನಾದರೂ ಇದೆಯೇ?

ಶಹಾಬಾದಿನ ಸದಸ್ಯ: ಬಂದದ್ದನ್ನು ಹಾಗೇ ಕಳಿಸುತ್ತಿದ್ದೇನೆ: “ಇಂದು ರಾತ್ರಿ 12:30ರಿಂದ 3:30ರವರೆಗೆ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾಯುತ್ತವೆ. ಮೊಬೈಲ್ ಆಫ್ ಮಾಡಿ, ನೀರಿನಲ್ಲಿ ದರ್ಭೆ ಹಾಕಿಡಿ.”

ಖಗೋಳ ವಿಜ್ಞಾನಿ: ವರ್ಷಗಳಿಂದ ತಿರುಗುತ್ತಿರುವ ಸುಳ್ಳು ಇದು. ಕಾಸ್ಮಿಕ್ ಕಿರಣಗಳು ದಿನದ 24 ಗಂಟೆಯೂ ಬರುತ್ತಲೇ ಇರುತ್ತವೆ, ಗಡಿಯಾರ ನೋಡಿಕೊಂಡು ಬರುವುದಿಲ್ಲ. ದಯವಿಟ್ಟು ಅಳಿಸಿ.

ಬೀದರಿನ ಸದಸ್ಯ: 2015ರಿಂದ ನಮ್ಮದೇ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್ ಇದ್ದೂ ಅಮೆರಿಕದವರ ಚಿತ್ರಗಳೇ ಏಕೆ?

ಯಾದಗಿರಿಯ ಸದಸ್ಯ: ಅದರಿಂದ ಇಂಥ ಕೆಲಸ ಆಗುವುದಿಲ್ಲ.

ಬೀದರಿನ ಸದಸ್ಯ: ಅದರ ದತ್ತಾಂಶವನ್ನು ತಾವು ಒಮ್ಮೆಯಾದರೂ ತೆರೆದು ನೋಡಿದ್ದೀರಾ, ಅಥವಾ ಯಾರೋ ಹೇಳಿದ್ದನ್ನು ಒಪ್ಪಿಸುತ್ತಿದ್ದೀರಾ?

ಯಾದಗಿರಿಯ ಸದಸ್ಯ: ದೇಶಭಕ್ತಿಯಿಂದ ಫೋಟಾನ್ ಹೆಚ್ಚಾಗುವುದಿಲ್ಲ ಸ್ವಾಮಿ.

ಚಿಂಚೋಳಿಯ ಸದಸ್ಯೆ: ನಮ್ಮ ಮಗಳು ಪಿ.ಯು.ಸಿ. ಓದುತ್ತಿದ್ದಾಳೆ. ಖಗೋಳ ವಿಜ್ಞಾನ ಓದಲು ಮುಂದೆ ಯಾವ ಕೋರ್ಸ್ ಸೇರಬೇಕು?

ಖಗೋಳ ವಿಜ್ಞಾನಿ: ಬೀದರ್, ಯಾದಗಿರಿ, ಇಬ್ಬರೂ ನಿಲ್ಲಿಸಿ. ಸೆಕೆಂಡಿಗೆ 401 ಬಾರಿ ತಿರುಗುವ ಸ್ಯಾಕ್ಸ್ ಜೆ1808 ಎಂಬ ನ್ಯೂಟ್ರಾನ್ ನಕ್ಷತ್ರದ 2019ರ ಔಟ್‌ಬರ್ಸ್ಟ್ ಅನ್ನು ಆಸ್ಟ್ರೋಸ್ಯಾಟ್ ಗಮನಿಸಿದೆ. ಅದರ ಲ್ಯಾಕ್ಸ್‌ಪಿಸಿ ಉಪಕರಣ ಇಂಥ ಕ್ಷಿಪ್ರ ಬದಲಾವಣೆಗೇ ಹೇಳಿಮಾಡಿಸಿದ್ದು. ಆದರೆ ಲ್ಯಾಕ್ಸ್‌ಪಿಸಿ ಚಿತ್ರ ತೆಗೆಯುವುದಿಲ್ಲ. ಮೂಲಗಳು ಕಿಕ್ಕಿರಿದಿರುವ ಗ್ಯಾಲಕ್ಸಿ ಕೇಂದ್ರದಲ್ಲಿ ಫೋಟಾನ್ ಯಾವುದರಿಂದ ಬಂತೆಂದು ಅದು ಹೇಳಲಾರದು.

ಜೇವರ್ಗಿಯ ಸದಸ್ಯ: ಮನೆಯ ದೂರದರ್ಶಕದಲ್ಲಿ ಕಾಣುತ್ತದೆಯೇ?

ಖಗೋಳ ವಿಜ್ಞಾನಿ: ಇಲ್ಲ. ಮೇಲೆ ಓದಿ.

ಶಹಾಬಾದಿನ ಸದಸ್ಯ: ದರ್ಭೆಯಿಂದ ನಷ್ಟವಂತೂ ಇಲ್ಲವಲ್ಲ?

ಯಾದಗಿರಿಯ ಸದಸ್ಯ: ಇವರನ್ನು ಇನ್ನೂ ಗುಂಪಿನಲ್ಲಿ ಇಟ್ಟುಕೊಂಡವರು ಯಾರು?

ಆಳಂದದ ಎಂ.ಎಸ್ಸಿ. ವಿದ್ಯಾರ್ಥಿನಿ: ಮೇಡಂ, 40 ಆರ್ಕ್ ಸೆಕೆಂಡ್ (ಡಿಗ್ರಿಯ 3,600ರಲ್ಲಿ ಒಂದು ಭಾಗವೇ ಆರ್ಕ್ ಸೆಕೆಂಡ್) ದೂರದಲ್ಲಿ ಒಂದು ಪ್ರಖರ ಮೂಲವಿದೆ.

ಖಗೋಳ ವಿಜ್ಞಾನಿ: ನನ್ನ ಆತಂಕ ಅದೇ ಆಗಿತ್ತು. ಸ್ವಿಫ್ಟ್‌ನಲ್ಲಿ ಒಂದು ಮೂಲದ ಅರ್ಧದಷ್ಟು ಫೋಟಾನ್‌ಗಳು ಸುಮಾರು 18 ಆರ್ಕ್ ಸೆಕೆಂಡ್ ವ್ಯಾಸದೊಳಗೆ ಬೀಳುತ್ತವೆ, ಉಳಿದವು ಅದರಾಚೆ ಹರಡುತ್ತವೆ; ಅವೇ ನಿಮ್ಮ 12ರಲ್ಲಿ ಸೇರಿರಬಹುದು. ಆ ಮೂಲದಿಂದ ಅಷ್ಟೇ ದೂರದಲ್ಲಿ, ಬೇರೆ ದಿಕ್ಕುಗಳಲ್ಲಿ ಅದೇ ಅಳತೆಯ ವೃತ್ತಗಳನ್ನು ಎಳೆದು ಎಣಿಸಿ. ಅಲ್ಲೆಲ್ಲ ಎರಡು ಮೂರೇ ಸಿಕ್ಕರೆ, ಅರ್ಧ ಆರ್ಕ್ ಸೆಕೆಂಡಿನಷ್ಟು ಸೂಕ್ಷ್ಮವಾಗಿ ನೋಡಬಲ್ಲ ಚಂದ್ರ ಎಂಬ ಎಕ್ಸ್-ಕಿರಣ ಬಾಹ್ಯಾಕಾಶ ದೂರದರ್ಶಕದ ಹಳೆಯ ಚಿತ್ರದಲ್ಲಿ ಅದೇ ಜಾಗವನ್ನು ಹುಡುಕಿ, ನನಗೆ ಬರೆಯಿರಿ. ನವೆಂಬರ್‌ನಿಂದ ಫೆಬ್ರವರಿಯ ಆರಂಭದವರೆಗಿನ ಚಿತ್ರಗಳನ್ನು ಹುಡುಕುತ್ತ ಕೂರಬೇಡಿ. ಆಗ ಸೂರ್ಯ ಆ ದಿಕ್ಕಿನ ಹತ್ತಿರವಿರುವುದರಿಂದ ಸ್ವಿಫ್ಟ್ ಅತ್ತ ತಿರುಗುವುದಿಲ್ಲ.